ಗೆದ್ದಲಕ್ಕ ತೊಲೆಯ ಕೆಳಗೆ ಕೂತದ್ದು

ಅವಳಿಗೆ ಗೆದ್ದಲಕ್ಕ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಗೆದ್ದಲಿಗೆ ಔಷಧ ಹೊಡೆಯುವ ಕಂಪನಿಯ ವ್ಯಾನ್ ಡ್ರೈವರ್ ಇರಬಹುದು, ಫೋನೆತ್ತುವ ಹುಡುಗಿ ಇರಬಹುದು. ಅಂತೂ ಹೆಸರು ಅಂಟಿಕೊಂಡಿತು. ಮೊದಮೊದಲು ಕೇಳಿದರೆ ಮೈ ಉರಿಯುತ್ತಿತ್ತು. "ನಾನೇನು ನಿಮ್ಮನೆ ಬಾಗಿಲು ತಿಂದೀನಾ?" ಎಂದು ಜಗಳಕ್ಕೆ ನಿಂತದ್ದೂ ಉಂಟು. ಈಗ ಐವತ್ತಾರರ ವಯಸ್ಸಿನಲ್ಲಿ, ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ತನ್ನನ್ನೇ ಕರೆದದ್ದೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕು.

ಔಷಧ ಹೊಡೆಯುವುದು ಅವಳ ಕೆಲಸವಲ್ಲ. ಅದಕ್ಕೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಬೆನ್ನಿಗೆ ಡಬ್ಬ ಏರಿಸಿಕೊಂಡು ಬರುವ ಗಂಡಸರಿದ್ದಾರೆ. ಅವರಿಗಿಂತ ಮುಂಚೆ ಹೋಗಿ, ಗೆದ್ದಲು ಇದೆಯೋ ಇಲ್ಲವೋ, ಇದ್ದರೆ ಎಲ್ಲಿಂದ ಹತ್ತಿದೆ, ಎಷ್ಟು ದೂರ ಹೋಗಿದೆ ಎಂದು ನೋಡಿ ಬರೆದುಕೊಡುವುದು ಇವಳ ಪಾಲಿಗೆ ಬಂದ ಕೆಲಸ. ಒಂದು ಟಾರ್ಚು, ಹಿಡಿ ಸವೆದ ಸ್ಕ್ರೂಡ್ರೈವರ್, ಸೀಮೆಸುಣ್ಣದ ತುಂಡು, ಕಾರ್ಬನ್ ಹಾಳೆ ಇಟ್ಟ ವರದಿ ಪುಸ್ತಕ. ಊಟದ ಡಬ್ಬಿಯನ್ನೂ ಸೇರಿಸಿದರೆ ಚೀಲ ತುಂಬಿತು.

ಇಪ್ಪತ್ತೇಳು ವರ್ಷದ ಹಿಂದೆ ಆ ಕಂಪನಿಗೆ ಅವಳು ಸೇರಿದ್ದು ಕಸ ಗುಡಿಸುವುದಕ್ಕೆ. ಅದಕ್ಕೂ ಮುಂಚೆ ಹತ್ತು ಮನೆಗಳ ಕಸ ಗುಡಿಸಿದ್ದಳು. ಒಂದು ದಿನ ಕೆಲಸಗಾರನೊಬ್ಬ ಯಾವುದೋ ಮನೆ ನೋಡಿ ಬಂದು, "ಅಲ್ಲೇನೂ ಇಲ್ಲ ಸಾರ್, ಆ ಯಮ್ಮಂಗೆ ಬರೀ ಅನುಮಾನ" ಎಂದು ಮ್ಯಾನೇಜರಿಗೆ ಹೇಳುತ್ತಿದ್ದ. ನೆಲ ಒರೆಸುತ್ತಿದ್ದ ಇವಳು ತಲೆ ಎತ್ತದೆಯೇ ಕೇಳಿದಳು, "ಕಿಟಕಿ ದಂಡೆ ಮೇಲೆ ರೆಕ್ಕೆ ಬಿದ್ದಿತ್ತಾ?"

"ಹಾರೋ ಇರುವೆ ರೆಕ್ಕೆ ಒಂದಿಷ್ಟು ಬಿದ್ದಿತ್ತಪ್ಪ. ಅದಕ್ಕೇನು?"

"ನಾಲ್ಕೂ ರೆಕ್ಕೆ ಒಂದೇ ಅಳತೆಗಿತ್ತಾ, ಇಲ್ಲ ಹೆಚ್ಚುಕಮ್ಮಿ ಇತ್ತಾ?"

ಅವನು ನೋಡಿರಲಿಲ್ಲ. ಇರುವೆಯ ಮುಂದಿನ ರೆಕ್ಕೆ ದೊಡ್ಡದು, ಹಿಂದಿನದು ಚಿಕ್ಕದು, ಗೆದ್ದಲಿನದು ನಾಲ್ಕೂ ಒಂದೇ ಸಮ ಎಂದು ಅವಳು ಹೇಳಿದಳು. ಮೊದಲ ಮಳೆ ಬಿದ್ದ ಮಾರನೆಯ ದಿನ ಕಿಟಕಿಯ ಹತ್ತಿರ ಅಂಥವು ಒಂದು ಹಿಡಿಯಷ್ಟು ಬಿದ್ದಿದ್ದರೆ ಆ ಮನೆಯ ಕಟ್ಟಿಗೆ ಹೋಯಿತೆಂದೇ ಲೆಕ್ಕ, ಗುಡಿಸಿ ಗುಡಿಸಿ ತನಗೆ ಗೊತ್ತು, ಎಂದಳು. ಮ್ಯಾನೇಜರು ಅವನನ್ನು ಮತ್ತೆ ಅಟ್ಟಿದರು. ಅಡುಗೆಮನೆಯ ಕಿಟಕಿಯ ಚೌಕಟ್ಟು ಒತ್ತಿದರೆ ಬ್ರೆಡ್ಡಿನ ಹಾಗೆ ಒಳಗೆ ಹೋಯಿತಂತೆ. ಅಂದಿನಿಂದ ಪೊರಕೆ ಬೇರೆಯವರ ಕೈಗೆ ಹೋಯಿತು, ಟಾರ್ಚು ಇವಳ ಕೈಗೆ ಬಂತು.

ಹೊಸದರಲ್ಲಿ ಅದೊಂದು ಹುಮ್ಮಸ್ಸು. ಜನ ತಮ್ಮ ಮನೆಯನ್ನೇ ನೋಡುವುದಿಲ್ಲ ಎಂಬುದು ಅವಳಿಗೆ ಆಶ್ಚರ್ಯ. ಬಾಗಿಲು ಬಿಗಿಯಾದರೆ ತೇವಕ್ಕೆ ಉಬ್ಬಿದೆ ಎನ್ನುತ್ತಾರೆ. ಬಣ್ಣ ಗುಳ್ಳೆ ಎದ್ದರೆ ಪೇಂಟರಿಗೆ ಬೈಯುತ್ತಾರೆ. ಗೋಡೆಯ ಮೂಲೆಯಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ನೆಲದಿಂದ ಎದೆಯೆತ್ತರ ಬಂದಿದ್ದರೂ, ಯಾರೋ ಕೈ ಒರೆಸಿದ್ದಾರೆ ಅಂದುಕೊಂಡು ಕ್ಯಾಲೆಂಡರ್ ನೇತುಹಾಕುತ್ತಾರೆ. ಕಪಾಟಿನ ಕೆಳಗೆ ರವೆಯಂಥ ಕಾಳು ಉದುರಿದರೆ ದಿನಾ ಗುಡಿಸಿ ಎಸೆಯುತ್ತಾರೆಯೇ ಹೊರತು, ಇದು ಎಲ್ಲಿಂದ ಬರುತ್ತಿದೆ ಎಂದು ಒಮ್ಮೆಯೂ ಕತ್ತೆತ್ತಿ ನೋಡುವುದಿಲ್ಲ. ಅವಳು ಬೆರಳಿನ ಗೆಣ್ಣಿನಿಂದ ತಟ್ಟುತ್ತಾ ಹೋಗುವಳು. ಗಟ್ಟಿ ಕಟ್ಟಿಗೆ ಟಣ್ ಎನ್ನುತ್ತದೆ, ತಿಂದ ಕಟ್ಟಿಗೆ ಡಬ್ ಎನ್ನುತ್ತದೆ. ನೆಂಟರ ಮನೆಗೆ ಹೋದರೂ ಕೈ ಸುಮ್ಮನಿರದು. ನಾದಿನಿಯ ಮಗಳಿಗೆ ಗಂಡು ನೋಡಲು ಹೋದಾಗ ಅವರ ಬಾಗಿಲ ಚೌಕಟ್ಟು ತಟ್ಟಿ, "ಇದು ಹೋಗಿದೆ" ಎಂದುಬಿಟ್ಟಿದ್ದಳು. ಸಂಬಂಧ ಮುರಿದುಬಿತ್ತು. ಅದಕ್ಕೆ ಕಾರಣ ಬೇರೆ ಇತ್ತಾದರೂ ನಾದಿನಿ ಇವತ್ತಿಗೂ ಆ ಚೌಕಟ್ಟಿನ ಮಾತೆತ್ತಿ ಮೂಗು ಮುರಿಯುತ್ತಾಳೆ.

ಆ ಹುಮ್ಮಸ್ಸು ಯಾವಾಗ ಬತ್ತಿತೋ. ಮೊಣಕಾಲು ಕೂತರೆ ಏಳುವುದಿಲ್ಲ, ಎದ್ದರೆ ಕೂರುವುದಿಲ್ಲ. ಮಂಚದ ಕೆಳಗೆ ತೂರಿ ಹೊರಬರುವಾಗ ಗೋಡೆ ಹಿಡಿದು ಒಂದು ನಿಮಿಷ ಸುಧಾರಿಸಿಕೊಳ್ಳಬೇಕು. ಅದಕ್ಕಿಂತ ಹೆಚ್ಚಾಗಿ ಜನರ ಮುಖ. ಗೆದ್ದಲಿದೆ ಎಂದ ಕೂಡಲೇ ಅವಳೇ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬಿಟ್ಟಂತೆ ನೋಡುತ್ತಾರೆ. ಸಂಜೆ ಮನೆಗೆ ಬಂದರೆ ಗಂಡ, ಮೂವತ್ತು ವರ್ಷ ಬಸ್ಸು ಓಡಿಸಿ ಬೆನ್ನು ಕಳೆದುಕೊಂಡು ಮನೆಯಲ್ಲಿರುವ ಮನುಷ್ಯ, ಬಿಸಿನೀರಿನ ಚೀಲ ಕೈಗೆ ಕೊಡುತ್ತಾ ಕೇಳುತ್ತಾನೆ:

"ಇವತ್ತು ಎಷ್ಟು ಮನೆಗೆ ಕೆಟ್ಟ ಸುದ್ದಿ ಹಂಚಿ ಬಂದೆ?"

"ನಾಲ್ಕು."

"ಒಬ್ಬರಾದ್ರೂ ಟೀ ಕೊಟ್ಟರಾ?"

"ಒಬ್ಬರು ನೀರು ಕೊಟ್ಟರು."

"ಪರವಾಗಿಲ್ಲ. ನನಗೆ ಬಸ್ಸಲ್ಲಿ ಬರೀ ಬೈಗುಳ ಸಿಗ್ತಿತ್ತು."

ಅವಳ ದಣಿವಿಗೆ ಇನ್ನೊಂದು ಕಾರಣವಿತ್ತು. ಮೂರು ವರ್ಷದ ಹಿಂದೆ ಒಂದು ಮನೆಯಲ್ಲಿ ಮರದ ಮೆಟ್ಟಿಲು ನೋಡಿದ್ದಳು. ಮೇಲೆ ಪಾಲಿಶ್ ಥಳಥಳ ಹೊಳೆಯುತ್ತಿತ್ತು, ಒಳಗೆ ಬರೀ ಮಣ್ಣು. 'ಬದಲಿಸುವವರೆಗೆ ಹತ್ತಬಾರದು' ಎಂದು ಬರೆದು, ಅಡಿಗೆ ಗೆರೆ ಎಳೆದು, ಮನೆಯ ಅಳಿಯನ ಕೈಗೆ ಕೊಟ್ಟಳು. ಅವನು ಮಡಿಸಿ ಡ್ರಾಯರಿನಲ್ಲಿಟ್ಟ. ಮಹಡಿಯ ಕೋಣೆಯಲ್ಲಿದ್ದ ಅವನ ಮಾವನಿಗೆ, ದಿನಕ್ಕೆ ನಾಲ್ಕು ಬಾರಿ ಹತ್ತಿ ಇಳಿಯುವ ಮುದುಕರಿಗೆ, ಯಾರೂ ಹೇಳಲಿಲ್ಲ. ಎರಡು ತಿಂಗಳಿಗೆ ಐದನೇ ಮೆಟ್ಟಿಲು ಕುಸಿದು ಅವರ ಸೊಂಟದ ಮೂಳೆ ಮುರಿಯಿತು. ಕಂಪನಿಯ ಮ್ಯಾನೇಜರು ವರದಿಯ ನಕಲು ಹುಡುಕಿ ತೆಗೆದು, "ನೋಡಿ, ನಾವು ಬರೆದುಕೊಟ್ಟಿದ್ದೀವಿ. ತಾರೀಖು ಇದೆ, ಸಹಿ ಇದೆ" ಎಂದು ನಿಟ್ಟುಸಿರು ಬಿಟ್ಟರು. ಎಲ್ಲರೂ ಅವಳ ಅಚ್ಚುಕಟ್ಟುತನವನ್ನು ಹೊಗಳಿದರು. ಅವಳು ಆಸ್ಪತ್ರೆಗೆ ಹೋಗಿ ಮುದುಕರನ್ನು ನೋಡಿಬಂದಳು. ಅವರು ಸಿಟ್ಟಿಲ್ಲದೆ, ಬರೀ ತಿಳಿದುಕೊಳ್ಳಲೆಂದು ಕೇಳಿದರು, "ನಿಮಗೆ ಗೊತ್ತಿತ್ತಂತಲ್ಲಮ್ಮಾ?"

ಅವಳು ಒಯ್ದಿದ್ದ ಕಿತ್ತಳೆ ಹಣ್ಣು ಮೇಜಿನ ಮೇಲಿಟ್ಟು ಎದ್ದುಬಂದಳು.

ಬೈಂಡಿಂಗ್ ಶಾಪಿನಿಂದ ಫೋನು ಬಂದದ್ದು ಒಂದು ಸೋಮವಾರ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹಳೆಯ ಗೋದಾಮನ್ನೇ ಕೆಲಸದ ಜಾಗ ಮಾಡಿಕೊಂಡಿದ್ದರು. ಶಾಲೆಗಳಿಗೆ ನೋಟ್‌ಬುಕ್ ಹೊಲಿದುಕೊಡುವುದು ಅಲ್ಲಿಯ ಮುಖ್ಯ ಕೆಲಸ. ಉದ್ದನೆಯ ಹಾಲು, ಒಂದು ತುದಿಗೆ ಕಟಿಂಗ್ ಮಷೀನು, ಇನ್ನೊಂದು ತುದಿಗೆ ಅರ್ಧ ಹಾಲಿನಷ್ಟು ಅಗಲದ ಮರದ ಅಟ್ಟ. ಅಟ್ಟದ ಮೇಲೆ ಸೂರು ಮುಟ್ಟುವಷ್ಟು ಕಾಗದದ ರೀಮುಗಳು. ಅಟ್ಟದ ಕೆಳಗೆ, ಇದ್ದ ಒಂದೇ ಕಿಟಕಿಯ ಬೆಳಕು ಬೀಳುವ ಜಾಗದಲ್ಲಿ, ಉದ್ದ ಮೇಜಿಗೆ ಮೂವರು ಹೆಂಗಸರು. ಒಬ್ಬಳು ಹಾಳೆ ಮಡಿಸುವವಳು, ಒಬ್ಬಳು ಹೊಲಿಯುವವಳು. ಮೂರನೆಯವಳು ಎಲ್ಲರಿಗಿಂತ ಹಿರಿಯಳು, ರಟ್ಟಿಗೆ ಅಂಟು ಬಳಿಯುವವಳು. ಅವಳನ್ನು ಎಲ್ಲರೂ ಅಂಟಜ್ಜಿ ಎನ್ನುತ್ತಿದ್ದರು.

ಯಜಮಾನರು ಸಣಕಲು ಮನುಷ್ಯ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ತಡಕಾಡುತ್ತಿದ್ದರು. ಒಂದು ಕಟ್ಟು ನೋಟ್‌ಬುಕ್ ತಂದು ತೋರಿಸಿದರು. ಎಲ್ಲ ಒಂದಕ್ಕೊಂದು ಮಣ್ಣಿನಿಂದ ಅಂಟಿಕೊಂಡಿದ್ದವು. ಬಿಡಿಸಿದರೆ ಗೆರೆ ಹಾಕಿದ ಹಾಳೆಗಳ ನಡುವೆ ಬಿಳಿಯ ಹುಳುಗಳು ಬೆಳಕಿಗೆ ಗಾಬರಿಬಿದ್ದು ಓಡಾಡಿದವು.

"ಈ ಕಟ್ಟಿಗೊಂದಿಷ್ಟು ಔಷಧ ಹೊಡಿಸಿಬಿಡಿ, ಸಾಕು" ಎಂದರು ಯಜಮಾನರು.

"ಕಟ್ಟು ಎಲ್ಲಿತ್ತು?"

ಅವರು ಮೂಲೆ ತೋರಿಸಿದರು. ಅವಳು ಕಾಗದದ ಚೂರುಗಳ ಚೀಲಗಳನ್ನು ಸರಿಸಿ, ಗೋಡೆ ಹಿಡಿದು ಕೆಳಗೆ ಕೂತು ಟಾರ್ಚು ಬಿಟ್ಟಳು. ನೆಲದ ಬಿರುಕಿನಿಂದ ಎದ್ದ ಮಣ್ಣಿನ ಗೆರೆ ನೆಟ್ಟಗೆ ಮೇಲೆ ಹೋಗಿ, ಅಟ್ಟ ಹೊತ್ತ ತೊಲೆ ಗೋಡೆಗೆ ಸೇರುವ ಕಡೆ ಮಾಯವಾಗಿತ್ತು. ಏಣಿ ಕೇಳಿ ಹತ್ತಿದಳು. ತೊಲೆಯನ್ನು ತಟ್ಟಿದಳು. ಡಬ್. ಒಂದು ಗೇಣು ಈಚೆಗೆ ತಟ್ಟಿದಳು. ಡಬ್. ಒಂದು ಮಾರು ದೂರ ಬರುವವರೆಗೂ ಡಬ್ ಡಬ್ ಎನ್ನುತ್ತಲೇ ಇತ್ತು. ಸ್ಕ್ರೂಡ್ರೈವರ್ ಮೆಲ್ಲಗೆ ಊರಿದರೆ ಅರ್ಧದವರೆಗೆ ಸಲೀಸಾಗಿ ಒಳಗಿಳಿಯಿತು. ಕೆಳಗೆ ನೋಡಿದಳು. ಅಂಟಜ್ಜಿಯ ನರೆತ ಬೈತಲೆ ನೇರವಾಗಿ ಕೆಳಗಿತ್ತು.

ಇಳಿದು ಯಜಮಾನರನ್ನು ಪಕ್ಕಕ್ಕೆ ಕರೆದು ಹೇಳಿದಳು. ಕಟ್ಟು ಬಿಡಿ, ತೊಲೆ ಹೋಗಿದೆ. ಮೊದಲು ಮೇಲಿನ ಭಾರ ಇಳಿಸಬೇಕು, ಅಲ್ಲಿಯವರೆಗೆ ಕೆಳಗೆ ಯಾರನ್ನೂ ಕೂರಿಸಬಾರದು.

"ಶಾಲೆ ಶುರುವಾಗೋಕೆ ಹತ್ತು ದಿನ ಇದೆ ಕಣಮ್ಮ" ಎಂದರು ಅವರು. "ಈಗ ಇಳಿಸಿ ಎಲ್ಲಿಡ್ಲಿ? ನನ್ನ ತಲೆ ಮೇಲಾ? ಹತ್ತು ದಿನ ಕಳೀಲಿ, ಆಮೇಲೆ ಅಟ್ಟಾನೇ ಕಿತ್ತು ಹಾಕಿಸ್ತೀನಿ. ಮೂವತ್ತು ವರ್ಷ ನಿಂತಿರೋ ತೊಲೆ."

ಮಣ್ಣಿನ ಗೆರೆ ಹಳೆಯದಿರಬಹುದು, ಹುಳು ಬಿಟ್ಟುಹೋಗಿರಬಹುದು ಎಂದು ಬೇರೆ ವಾದಿಸಿದರು. ಅದಕ್ಕೆ ಅವಳು ಗೆರೆಯನ್ನು ಎರಡು ಬೆರಳಿನಷ್ಟು ಅಗಲ ಕೆರೆದು ತೆಗೆದು, ಆಚೀಚೆ ಸೀಮೆಸುಣ್ಣದಿಂದ ಗುರುತು ಹಾಕಿದಳು. "ಬುಧವಾರ ಬರ್ತೀನಿ. ಇದನ್ನ ಮತ್ತೆ ಮುಚ್ಚಿದ್ರೆ ಒಳಗೆ ಜೀವ ಇದೆ ಅಂತ" ಎಂದು, ವರದಿ ಬರೆದು ಸಹಿ ಹಾಕಿಸಿಕೊಂಡಳು. ಕರೆಸಿದವರ ಹತ್ತಿರ ಮಾತ್ರ ಮಾತಾಡಬೇಕು, ಉಳಿದವರನ್ನು ಹೆದರಿಸಬಾರದು ಎಂಬುದು ಕಂಪನಿಯ ನಿಯಮ. ಹೊರಡುವಾಗ ಅಂಟಜ್ಜಿ ಬ್ರಷ್ಷು ಎತ್ತಿ ಹಿಡಿದು ಕೇಳಿದಳು, "ಏನಂತಮ್ಮಾ, ಜಾಸ್ತಿ ಇದೆಯಾ?"

"ಯಜಮಾನರಿಗೆ ಹೇಳಿದೀನಿ" ಎಂದು ಚೀಲ ಹೆಗಲಿಗೇರಿಸಿ ಹೊರಬಿದ್ದಳು.

ಕಚೇರಿಗೆ ಬಂದು ಮ್ಯಾನೇಜರಿಗೆ ಹೇಳಿದಳು. ಈ ಮ್ಯಾನೇಜರು ಹೊಸಬರು, ಅವಳ ಮಗನ ವಯಸ್ಸಿನವರು. ಫೋನಿನಿಂದ ಕಣ್ಣು ಕೀಳದೆ ಕೇಳಿಸಿಕೊಂಡರು.

"ಬರೆದುಕೊಟ್ರಲ್ಲ? ಸಹಿ ತಗೊಂಡ್ರಲ್ಲ?"

"ಹೂಂ."

"ಮುಗೀತಲ್ಲ ಮತ್ತೆ. ತಲೆ ಕೆಡಿಸ್ಕೋಬೇಡಿ."

ಮಂಗಳವಾರ ಪೂರ್ತಿ ಅವಳು ಬೇರೆ ಮನೆಗಳ ಬಾಗಿಲು ತಟ್ಟಿದಳು. ತಟ್ಟಿದಾಗೆಲ್ಲ ಅವಳಿಗೆ ತೊಲೆಯ ನೆನಪಾಗಲಿಲ್ಲ. ತಾನೇ ಆಡಿದ ಮಾತು ನೆನಪಾಯಿತು. ಯಜಮಾನರಿಗೆ ಹೇಳಿದೀನಿ. ಆ ಮೆಟ್ಟಿಲಿನ ಮನೆಯಲ್ಲೂ ಅಳಿಯನಿಗೆ ಹೇಳಿದ್ದೆ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು ಎಂದಿನಂತೆ ತಮಾಷೆ ಮಾಡಲಿಲ್ಲ. "ಬ್ರೇಕು ಹಿಡೀತಿಲ್ಲ ಅಂತ ಡಿಪೋದಲ್ಲಿ ಬರೆದುಕೊಟ್ಟು ಬಸ್ಸು ಓಡಿಸಿದೀನಿ ನಾನು" ಎಂದ. "ಹಿಂದೆ ಕೂತಿರೋರಿಗೆ ಹೇಳಿದ್ರೆ ಗಲಾಟೆ ಆಗುತ್ತೆ ಅಂತಿದ್ರು. ಏನೂ ಆಗಲಿಲ್ಲ, ಪುಣ್ಯ. ಆದ್ರೂ ಆ ದಿನ ಪೂರ್ತಿ ಸೆಕೆಂಡ್ ಗೇರಲ್ಲೇ ಓಡಿಸಿದೆ."

ಬುಧವಾರ ಬೈಂಡಿಂಗ್ ಶಾಪಿಗೆ ಬರುವಷ್ಟರಲ್ಲಿ ಅವಳು ಅರ್ಧ ಜೀವವಾಗಿದ್ದಳು. ಬೆಳಗಿನಿಂದ ಎರಡು ಮನೆ ಮುಗಿದಿದ್ದವು. ಒಂದು ಐದನೆಯ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು. ಮೂಲೆಗೆ ಹೋಗಿ ಟಾರ್ಚು ಬಿಟ್ಟು ನೋಡಿದಳು. ಸೀಮೆಸುಣ್ಣದ ಎರಡು ಗುರುತುಗಳ ನಡುವೆ ಹಸಿ ಮಣ್ಣು, ಉಳಿದ ಗೆರೆಗಿಂತ ಕಪ್ಪಗೆ, ನೀಟಾಗಿ ಮೆತ್ತಿತ್ತು. ಎರಡೇ ದಿನದಲ್ಲಿ ಮುಚ್ಚಿಬಿಟ್ಟಿದ್ದವು. ಅವಳ ವರದಿ ಯಜಮಾನರ ಮೇಜಿನ ಮೇಲೆ ಟೀ ಲೋಟದ ಅಡಿಯಲ್ಲಿತ್ತು. ಅಕ್ಷರಗಳ ಮೇಲೆ ಲೋಟದ ಉಂಗುರ ಮೂಡಿತ್ತು. ಅಟ್ಟದಿಂದ ಒಂದು ರೀಮೂ ಇಳಿದಿರಲಿಲ್ಲ. ಇನ್ನೂ ನಾಲ್ಕು ಹೊಸದಾಗಿ ಮೇಲೇರಿದ್ದವು.

"ಒಳಗೆ ಜೀವ ಇದೆ" ಎಂದಳು.

"ಇರ್ಲಿ ಬಿಡಿ. ನಮಗೂ ಇದೆ" ಎಂದು ಯಜಮಾನರು ನಕ್ಕರು. "ಹತ್ತು ದಿನ ಅಂದೆನಲ್ಲ. ಈಗ ಎಂಟಾಯ್ತು."

ಅವಳಿಗೆ ಕೂಗಾಡಲು ಶಕ್ತಿಯಿರಲಿಲ್ಲ. ತಿರುಗಿ ಹೋಗಲೂ ಮನಸ್ಸು ಬರಲಿಲ್ಲ. ಸುತ್ತ ನೋಡಿ, ಖಾಲಿ ಬಿದ್ದಿದ್ದ ಸ್ಟೂಲೊಂದನ್ನು ಎಳೆದು ಅಂಟಜ್ಜಿಯ ಪಕ್ಕ, ತೊಲೆಯ ಅಡಿಯಲ್ಲೇ ಹಾಕಿಕೊಂಡು ಕೂತಳು.

"ಇದೇನಮ್ಮ?" ಎಂದರು ಯಜಮಾನರು.

"ಮೇಲಿಂದು ಇಳಿಸೋವರೆಗೂ ನಾನೂ ಇಲ್ಲೇ ಕೂರ್ತೀನಿ. ಇವರು ಕೂರಬಹುದಾದ್ರೆ ನಾನೂ ಕೂರಬಹುದು."

ಆಮೇಲೆ ಹೆಂಗಸರ ಕಡೆ ತಿರುಗಿ ಹೇಳಿದಳು, "ನಿಮ್ಮ ತಲೆ ಮೇಲಿರೋ ತೊಲೆ ಒಳಗೆ ಪೊಳ್ಳು. ಸೋಮವಾರವೇ ಹೇಳಬೇಕಿತ್ತು ನಾನು. ಹೇಳಲಿಲ್ಲ."

ಮೂವರೂ ಮೇಲೆ ನೋಡಿದರು. ತೊಲೆ ಕಪ್ಪು ಬಣ್ಣ ಬಳಿದುಕೊಂಡು ಎಂದಿನಂತೆ ಗಟ್ಟಿಮುಟ್ಟಾಗಿ ಕಂಡಿತು. ಹೊಲಿಯುವವಳು ಸೂಜಿಗೆ ನೂಲು ಪೋಣಿಸುತ್ತಾ, "ಎಂಟು ದಿನ ತಾನೆ" ಎಂದಳು, ಯಾರಿಗೆಂದಿಲ್ಲದೆ. ಮಡಿಸುವವಳು ಇನ್ನೂ ಬೇಗ ಬೇಗ ಮಡಿಸತೊಡಗಿದಳು. ಯಜಮಾನರು, "ಕೂರಿ, ಕೂರಿ, ನಿಮಗೆ ಬೇಜಾರಾದಾಗ ಏಳ್ತೀರಿ" ಎಂದು ಕಟಿಂಗ್ ಮಷೀನಿನ ಕಡೆ ಹೋದರು.

ಆಗ ಆದದ್ದನ್ನು ಅವಳು ಮುಂದೆ ಯಾರಿಗೆ ಹೇಳುವಾಗಲೂ ನಾಚಿಕೊಳ್ಳುತ್ತಿದ್ದಳು. ಕಿಟಕಿಯಿಂದ ಬೆಚ್ಚಗಿನ ಗಾಳಿ ಬರುತ್ತಿತ್ತು. ಹಾಳೆ ಮಡಿಸುವ ಸರಸರ ಸದ್ದು ಒಂದೇ ಲಯದಲ್ಲಿತ್ತು. ಸೋಮವಾರದಿಂದ ಸರಿಯಾಗಿ ನಿದ್ದೆಯಿರಲಿಲ್ಲ. ಹಟ ಹಿಡಿದು ಕೂತವಳು, ಕೂತ ಕಾಲು ಗಂಟೆಗೆ, ಚೀಲವನ್ನು ತಬ್ಬಿಕೊಂಡು ಗೊರಕೆ ಹೊಡೆಯತೊಡಗಿದಳು.

ಎಚ್ಚರವಾದದ್ದು ನಗುವಿಗೆ. ಯಜಮಾನರು ಎದುರಿಗೆ ನಿಂತಿದ್ದರು.

"ನೋಡ್ರಮ್ಮ, ನೋಡ್ರಿ! ತೊಲೆ ಬೀಳುತ್ತೆ ಅನ್ನೋರು ಅದರ ಕೆಳಗೇ ಹಾಯಾಗಿ ನಿದ್ದೆ ಹೊಡೀತಿದಾರೆ. ಭಯ ಇರೋರು ಹೀಗೆ ಮಲಗ್ತಾರಾ?"

ಮಡಿಸುವವಳೂ ಹೊಲಿಯುವವಳೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಗೆದ್ದಲಕ್ಕನಿಗೆ ಮುಖವೆಲ್ಲ ಬಿಸಿಯಾಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಯಿಯ ಅಂಚು ಒರೆಸಿಕೊಂಡು, ಬೇರೇನೂ ತೋಚದೆ, ಇದ್ದದ್ದನ್ನೇ ಹೇಳಿದಳು.

"ಭಯ ಇಲ್ಲ ಅಂತ ಮಲಗಲಿಲ್ಲ ಸ್ವಾಮಿ. ಸುಸ್ತಾಗಿ ಮಲಗಿದೆ. ಸುಸ್ತಾದವರು ಎಲ್ಲಿ ಕೂತರೂ ಅಲ್ಲೇ ತೂಕಡಿಸ್ತಾರೆ. ಮೇಲೇನಿದೆ ಅಂತ ನೋಡೋಷ್ಟು ತ್ರಾಣ ಎಲ್ಲಿರುತ್ತೆ?"

ನಗು ನಿಂತಿತು. ಅಂಟಜ್ಜಿ ನಕ್ಕಿರಲಿಲ್ಲ. ಬ್ರಷ್ಷನ್ನು ಅಂಟಿನ ಡಬ್ಬದೊಳಗಿಟ್ಟು, ಕೈಯನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡಳು. "ಅದೇನೋ ಚುಚ್ಚಿ ನೋಡಿದ್ರಲ್ಲ ಅವತ್ತು, ಅದನ್ನ ಇಲ್ಲಿ ಕೊಡಿ" ಎಂದಳು.

ಗೆದ್ದಲಕ್ಕ ಸ್ಕ್ರೂಡ್ರೈವರ್ ಕೊಟ್ಟಳು. ಯಜಮಾನರು ಬೇಡ ಬೇಡ ಎನ್ನುತ್ತಿದ್ದಂತೆ ಅಂಟಜ್ಜಿ, ಎಪ್ಪತ್ತರ ಹತ್ತಿರದ ಹೆಂಗಸು, ಏಣಿಯ ನಾಲ್ಕು ಮೆಟ್ಟಿಲು ಹತ್ತಿದಳು. ತೊಲೆಯ ಒಂದು ಕಡೆ ಊರಿದಳು. ಸ್ಕ್ರೂಡ್ರೈವರ್ ಹಿಡಿಯವರೆಗೆ ಹೋಯಿತು. ಎಳೆದಳು. ಒಣಮಣ್ಣು ಸುರ್ರನೆ ಸುರಿದು, ಮೇಜಿನ ಮೇಲೆ ಒಪ್ಪವಾಗಿ ಜೋಡಿಸಿಟ್ಟ ಹಾಳೆಗಳ ಮೇಲೆ ಬಿತ್ತು. ಮಣ್ಣಿನ ಜೊತೆ ಹತ್ತಿಪ್ಪತ್ತು ಬಿಳಿ ಹುಳು.

ಅವಳು ಇಳಿದಳು. ತನ್ನ ಅಂಟಿನ ಡಬ್ಬ, ಬ್ರಷ್ಷು, ಊಟದ ಡಬ್ಬಿ ಎತ್ತಿಕೊಂಡಳು.

"ಎಲ್ಲಿಗೆ?" ಎಂದರು ಯಜಮಾನರು.

"ಅಂಗಳಕ್ಕೆ. ಅಲ್ಲೂ ಬೆಳಕಿದೆ. ಕೆಲಸ ಬಿಡ್ತಿಲ್ಲಪ್ಪ, ಜಾಗ ಬಿಡ್ತಿದೀನಿ."

ಹೊಲಿಯುವವಳು ಒಂದು ಕ್ಷಣ ಯಜಮಾನರ ಮುಖ ನೋಡಿದಳು, ಇನ್ನೊಂದು ಕ್ಷಣ ತೊಲೆ ನೋಡಿದಳು. ನೂಲಿನ ಉಂಡೆ ತೆಗೆದುಕೊಂಡು ಹಿಂದೆಯೇ ಹೋದಳು. ಮಡಿಸುವವಳು ಕೊನೆಗೆ ಎದ್ದಳು. "ಕೂಲಿ ಹಿಡಿದ್ರೆ ನಾನೇನು ಮಾಡ್ಲಿ?" ಎಂದು ಗೆದ್ದಲಕ್ಕನನ್ನೇ ಕೇಳಿದಳು, ಕಣ್ಣಲ್ಲಿ ನೀರು ತಂದುಕೊಂಡು. ಮಡಿಸುವವಳೂ ಹೋದಳು.

ಅಂಗಳದಲ್ಲಿ ಗಾಳಿಗೆ ಹಾಳೆ ಹಾರುತ್ತಿದ್ದವು. ಮೂವರೂ ಅವುಗಳ ಮೇಲೆ ಕಲ್ಲಿಟ್ಟುಕೊಂಡು ಕೆಲಸ ಮಾಡುವುದನ್ನು ಯಜಮಾನರು ಬಾಗಿಲಲ್ಲಿ ನಿಂತು ಅರ್ಧ ಗಂಟೆ ನೋಡಿದರು. ಓಣಿಯಲ್ಲಿ ಹೋಗುವವರು ನಿಂತು, ಏನಾಯ್ತು ಎಂದು ಕೇಳುವುದಕ್ಕೆ ಶುರು ಮಾಡಿದರು. ಕೊನೆಗೆ ಅವರು ಬಡಗಿಗೆ ಫೋನು ಮಾಡಿದರು.

ಬಡಗಿ ಬಂದು ಒಂದು ಸಲ ತಟ್ಟಿದ, ಅಷ್ಟೇ. "ಯಾರೂ ಮೇಲೆ ಹತ್ತಬೇಡಿ" ಎಂದು ಹೋಗಿ, ಮನೆ ಕಟ್ಟುವ ಕಡೆ ತಾರಸಿಗೆ ಆಸರೆ ಕೊಡುವ ಕಬ್ಬಿಣದ ಕಂಬ ನಾಲ್ಕು ತಂದು ತೊಲೆಯ ಕೆಳಗೆ ನಿಲ್ಲಿಸಿದ. ಆಮೇಲೆ ಇಳಿಸುವ ಕೆಲಸ. ಬಡಗಿ ಏಣಿಯ ಮೇಲಿಂದ ಕೊಡುವುದು, ಯಜಮಾನರು ಈಸಿಕೊಳ್ಳುವುದು, ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುವುದು. ಗೆದ್ದಲಕ್ಕನೂ ಸಾಲಿನಲ್ಲಿ ನಿಂತಳು. ಹೋಗಬಹುದಿತ್ತು. ಹೋಗಲು ನಾಚಿಕೆಯಾಯಿತು. ಮೂರರಲ್ಲೊಂದು ಪಾಲು ಇಳಿದಿತ್ತೋ ಏನೋ, ತೊಲೆ ನರಳಿದಂತೆ ಸದ್ದು ಮಾಡಿ ನಾಲ್ಕು ಬೆರಳು ಕೆಳಗೆ ಕುಸಿದು ಕಬ್ಬಿಣದ ಕಂಬಗಳ ಮೇಲೆ ಕೂತಿತು. ಧೂಳು ಎದ್ದಿತು. ಕೈಯಲ್ಲಿದ್ದ ರೀಮನ್ನು ಹಾಗೇ ಹಿಡಿದುಕೊಂಡು ಎಲ್ಲರೂ ನಿಂತುಬಿಟ್ಟರು. ಹೊಲಿಯುವವಳು ತಾನು ಕೂರುತ್ತಿದ್ದ ಮೇಜಿನ ಕಡೆ ನೋಡುತ್ತಾ ರೀಮನ್ನು ನಿಧಾನವಾಗಿ ನೆಲಕ್ಕಿಳಿಸಿದಳು.

ಮಾರನೆಯ ದಿನ ಬಡಗಿ ತೊಲೆಯನ್ನು ಕೊಯ್ದು ತೆಗೆದಾಗ ಹೊರಗಿನ ಮರ ನೋಟ್‌ಬುಕ್ಕಿನ ರಟ್ಟಿಗಿಂತ ದಪ್ಪವಿರಲಿಲ್ಲವಂತೆ. ಗೆದ್ದಲಕ್ಕ ಅದನ್ನು ನೋಡಲು ಹೋಗಲಿಲ್ಲ. ಅವಳು ಕಚೇರಿಯಲ್ಲಿ ಬೈಗುಳ ತಿನ್ನುತ್ತಿದ್ದಳು. ನೋಟ್‌ಬುಕ್ ಕೊಡುವುದು ಐದು ದಿನ ತಡವಾಗುತ್ತದೆಂದು ತಿಳಿದು, ಒಂದು ಶಾಲೆಯವರು ಬೇರೆ ಕಡೆ ಹೋಗಿದ್ದರು. ಬಚಾವಾದ ಸಮಾಧಾನಕ್ಕಿಂತ ಓಣಿಯವರ ಮುಂದೆ ಆದ ಅವಮಾನವೇ ಯಜಮಾನರಿಗೆ ದೊಡ್ಡದಾಗಿ ಕಂಡಿತ್ತು. ಕಂಪನಿಗೆ ಫೋನು ಮಾಡಿ, ಔಷಧದ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು.

"ನಿಮ್ಮನ್ನ ಕಳಿಸಿದ್ದು ನೋಡೋಕೆ" ಎಂದರು ಮ್ಯಾನೇಜರು. "ಧರಣಿ ಕೂರೋಕಲ್ಲ."

"ಗೊತ್ತು ಸಾರ್."

"ಮತ್ತೆ?"

"ನಾಲ್ಕು ದಿನ ರಜೆ ಬೇಕು ಸಾರ್."

ಅವರು ಫೋನು ಕೆಳಗಿಟ್ಟು ಅವಳನ್ನು ನೋಡಿದರು. ರಜೆ ಕೊಟ್ಟರು. ನಾಲ್ಕು ದಿನದಲ್ಲಿ ಎರಡು ದಿನ ಅವಳು ನಿದ್ದೆಯನ್ನೇ ಮಾಡಿದಳು. ಮೂರನೆಯ ದಿನ ಗಂಡ ಎಬ್ಬಿಸಿ, "ಬದುಕಿದ್ದೀಯೋ ಇಲ್ಲವೋ ಅಂತ ತಟ್ಟಿ ನೋಡೋಣ ಅಂತಿದ್ದೆ" ಎಂದ.

ಕೆಲಸಕ್ಕೆ ಮರಳಿದ ಮೇಲೆ ಅವಳ ವರದಿಗಳಲ್ಲಿ ಒಂದು ಸಾಲು ಹೆಚ್ಚಾಯಿತು. ಅಚ್ಚಾದ ಫಾರಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಕ್ಕದ ಅಂಚಿನಲ್ಲಿ, ಪುಟವನ್ನು ಅಡ್ಡ ತಿರುಗಿಸಿಕೊಂಡು ಬರೆಯುತ್ತಿದ್ದಳು: 'ಇದರ ಕೆಳಗೆ ಇರುವವರಿಗೆ ನಾನೇ ಹೇಳಿದ್ದೇನೆ.' ಪಾತ್ರೆ ತೊಳೆಯುವವಳಿರಲಿ, ಮಹಡಿಯ ಬಾಡಿಗೆಯವರಿರಲಿ, ಹಾಸಿಗೆ ಹಿಡಿದ ಅತ್ತೆಯಿರಲಿ, ಹುಡುಕಿಕೊಂಡು ಹೋಗಿ ಹೇಳುತ್ತಿದ್ದಳು. ಒಂದು ಮನೆಯೊಡತಿ, "ಅವಳಿಗ್ಯಾಕೆ ಹೇಳೋಕೆ ಹೋದ್ರಿ, ನಾಳೆಯಿಂದ ಕೆಲಸಕ್ಕೆ ಬರಲ್ಲ ಅಂತಿದಾಳೆ" ಎಂದು ಬಾಗಿಲಲ್ಲೇ ಜಗಳವಾಡಿದಳು. ಮ್ಯಾನೇಜರು ಆ ಸಾಲನ್ನು ಎರಡು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಮೂರನೆಯ ಸಲ ಬಿಟ್ಟುಬಿಟ್ಟರು. ಇದರಿಂದ ಅವಳ ಕೆಲಸ ದಿನಕ್ಕೆ ಒಂದು ಗಂಟೆ ಹೆಚ್ಚಾಯಿತೇ ವಿನಾ ಕಡಿಮೆಯಾಗಲಿಲ್ಲ.

ಅದೇ ವರ್ಷದ ಕೊನೆಗೆ ಒಂದು ಸಂಜೆ ಬಸ್ಸು ತುಂಬಿತ್ತು. ಕಂಬಿ ಹಿಡಿದು ನಿಂತವಳಿಗೆ ಪಕ್ಕದ ಸೀಟಿನಲ್ಲಿ ಮಡಿಸುವವಳು ಕಂಡಳು. ಅವಳೂ ನೋಡಿದಳು. ನೋಡಿ, ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಳು. ಆ ಐದು ದಿನದ ಕೂಲಿ ಅವಳಿಗೆ ಸಿಕ್ಕಿರಲಿಲ್ಲವೆಂದು ಅಂಟಜ್ಜಿ ಹಿಂದೊಮ್ಮೆ ದಾರಿಯಲ್ಲಿ ಸಿಕ್ಕಾಗ ಹೇಳಿದ್ದಳು. ಗೆದ್ದಲಕ್ಕನಿಗೆ ಮಾತಾಡಿಸಬೇಕೋ ಬೇಡವೋ ತಿಳಿಯಲಿಲ್ಲ. ಮೂರು ನಿಲ್ದಾಣ ಹಾಗೇ ಕಳೆದವು. ಬಸ್ಸು ತಿರುವಿನಲ್ಲಿ ಜೋಲಿ ಹೊಡೆದಾಗ ಅವಳ ಮೊಣಕಾಲು ಮಡಚಿ, ಕಂಬಿಗೆ ಜೋತುಬಿದ್ದಳು.

ಮಡಿಸುವವಳು ತಿರುಗಲಿಲ್ಲ. ಆದರೆ ಕಿಟಕಿಯ ಕಡೆಗೆ ಒತ್ತರಿಸಿಕೊಂಡು, ಅರ್ಧ ಸೀಟಿನಷ್ಟು ಜಾಗ ಬಿಟ್ಟಳು. ಗೆದ್ದಲಕ್ಕ ಕೂತಳು.

ಸ್ವಲ್ಪ ಹೊತ್ತಿನ ಮೇಲೆ, ಕಿಟಕಿಯನ್ನೇ ನೋಡುತ್ತಾ ಮಡಿಸುವವಳು ಕೇಳಿದಳು, "ಮೊಣಕಾಲಾ?"

"ಹೂಂ. ಎರಡೂ."

"ನಂಗೆ ಹೆಗಲು" ಎಂದಳು ಅವಳು.

ಮಡಿಸುವವಳ ನಿಲ್ದಾಣ ಮೊದಲು ಬಂತು. ಗೆದ್ದಲಕ್ಕ ಎದ್ದು ದಾರಿ ಬಿಟ್ಟಳು.